ಕಾಮಣಿಯ ಎಲೆ

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಔಷಧಿ ಸಸ್ಯಗಳು ಮತ್ತು ಇತ್ತೀಚಿನ ಸಂಶೋಧನೆ’. ಧಾರವಾಡದಲ್ಲಿ ಮೂವತ್ತು ವರ್ಷ ಔಷಧ ವಿಜ್ಞಾನದ ಪಾಠ ಹೇಳಿದವನಿಗೆ ಇದು ಸುಲಭದ ವಿಷಯ ಎಂದು ಅವರು ತಿಳಿದಿರಬೇಕು. ನಾನೂ ಹಾಗೆಯೇ ತಿಳಿದು ಒಪ್ಪಿಕೊಂಡೆ. ತುಳಸಿ, ಬೇವು, ಅರಿಷಿಣ ಎಂದು ಪಟ್ಟಿ ಓದಿ ಇಳಿದುಬಿಡಬಹುದಿತ್ತು. ಆದರೆ ಅರ್ಧ ತಾಸು ಈ ಊರಿನ ಮುಂದೆ ನಿಲ್ಲುವ ಅವಕಾಶ ಇನ್ನೊಮ್ಮೆ ಸಿಗುವ ಖಾತ್ರಿಯಿಲ್ಲ. ಆದ್ದರಿಂದ ಒಂದೇ ರೋಗದ ಬಗ್ಗೆ, ಒಂದೆರಡು ಎಲೆಗಳ ಬಗ್ಗೆ ಮಾತಾಡುತ್ತೇನೆ. ಪುಸ್ತಕದಲ್ಲಿ ಆ ರೋಗವನ್ನು ಕಾಮಾಲೆ ಎನ್ನುತ್ತಾರೆ. ನಮಗೆ ಅದು ಕಾಮಣಿ.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ, 1983ರ ಮಳೆಗಾಲದಲ್ಲಿ, ನನಗೆ ಕಾಮಣಿಯಾಯಿತು. ಆಗ ಈ ಶಾಲೆಗೆ ಎರಡೇ ಕೋಣೆ, ಮುಂದೊಂದು ತಗಡಿನ ಪಡಸಾಲೆ. ಪ್ರಾರ್ಥನೆಗೆ ನಿಂತವನು ವಾಂತಿ ಮಾಡಿಕೊಂಡೆ. ವಿಜ್ಞಾನದ ಮಾಸ್ತರರು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ ಮನೆಗೆ ಕಳಿಸಿದರು. ನಮ್ಮ ಅಜ್ಜಿ ಮರುದಿನ ನಸುಕಿನಲ್ಲೇ ಪಕ್ಕದ ಊರಿಗೆ ಕರೆದುಕೊಂಡು ಹೋದಳು. ಅಲ್ಲಿ ಕಾಮಣಿಗೆ ಎಲೆ ಕೊಡುವ ಒಬ್ಬ ಹಿರಿಯರಿದ್ದರು. ಹೊತ್ತು ಹುಟ್ಟುವ ಮುಂಚೆ ಹೋಗಬೇಕು, ದಾರಿಯಲ್ಲಿ ಯಾರನ್ನೂ ಮಾತಾಡಿಸಬಾರದು, ಎಲೆ ಯಾವುದೆಂದು ಕೇಳಬಾರದು. ಹಸಿರು ಮುದ್ದೆಯನ್ನು ಆಡಿನ ಹಾಲಿನಲ್ಲಿ ಕಲಸಿ ಕೊಟ್ಟರು. ಮೂರು ದಿನ ಅದೇ. ಉಪ್ಪು, ಎಣ್ಣೆ, ಖಾರ ಬಿಡಬೇಕು. ಅವರು ದುಡ್ಡು ಮುಟ್ಟುತ್ತಿರಲಿಲ್ಲ. ಒಂದು ತೆಂಗಿನಕಾಯಿ, ಒಂದೂಕಾಲು ರೂಪಾಯಿ ದೇವರ ಮುಂದೆ ಇಟ್ಟರಾಯಿತು. ಅವರು ಮೋಸಗಾರರಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಮಾತು ಕೇಳಿ ಯಾರೂ ಹಾಗೆ ತಿಳಿಯಬಾರದು.

ಮೂರನೆಯ ದಿನ ಇನ್ನೊಂದು ವಿಧಿಯಿತ್ತು. ಯಾವುದೋ ರಸವನ್ನು ನನ್ನ ಅಂಗೈಗಳಿಗೆ ಸವರಿ, ಸುಣ್ಣದ ತಿಳಿನೀರಿನಲ್ಲಿ ಕೈ ತೊಳೆಯಲು ಹೇಳಿದರು. ನೀರು ಹಳದಿಯಾಯಿತು! ಅಜ್ಜಿ ಕೈಮುಗಿದಳು. ಮೈಯೊಳಗಿನ ಹಳದಿಯೆಲ್ಲ ಇಳಿದು ಬಂದಿತ್ತಲ್ಲ. ನಾಲ್ಕನೆಯ ವಾರ ನಾನು ಶಾಲೆಗೆ ಬಂದು ಇದನ್ನು ಎಲ್ಲರಿಗೂ ವರ್ಣಿಸಿದೆ. ಮಾಸ್ತರರು ನಗಲಿಲ್ಲ, ಬಯ್ಯಲೂ ಇಲ್ಲ. ಎರಡು ದಿನ ಬಿಟ್ಟು ಇದೇ ಅಂಗಳದ ಮಾವಿನ ಮರದ ತೊಗಟೆ ಜಜ್ಜಿಸಿ, ಅದರ ರಸವನ್ನು ಆರೋಗ್ಯವಾಗಿದ್ದ ಮೂರು ಹುಡುಗರ ಕೈಗೆ ಹಚ್ಚಿ, ಸುಣ್ಣದ ನೀರಿನಲ್ಲಿ ತೊಳೆಸಿದರು. ಮೂವರ ನೀರೂ ಹಳದಿ. ತೊಗಟೆಯಲ್ಲಿರುವ ಫೀನಾಲ್ ಜಾತಿಯ ವಸ್ತುಗಳು ಸುಣ್ಣದ ಕ್ಷಾರ ತಗುಲಿದಾಗ ಬಣ್ಣ ಬಿಡುತ್ತವೆ ಎಂದು ಹಲಗೆಯ ಮೇಲೆ ಬರೆದರು. ನನ್ನ ಜೀವನದ ಮೊದಲ ಔಷಧ ವಿಜ್ಞಾನದ ಪಾಠ ಅದು. ಅಂದು ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಹಂಗಾರ ಸರ್, ನನಗ ಆರಾಮ ಹೆಂಗಾತು?’ ಅವರು, ‘ಅದನ್ನ ನೀನ ಓದಿ ನನಗ ಹೇಳು’ ಎಂದರು.

ಅವರು ಈಗಿಲ್ಲ. ಉತ್ತರವನ್ನು ಇಲ್ಲಿ ಹೇಳುತ್ತೇನೆ.

ಕಾಮಣಿ ಎನ್ನುವುದು ರೋಗದ ಹೆಸರಲ್ಲ, ಒಂದು ಗುರುತು. ನಮ್ಮ ರಕ್ತದ ಕೆಂಪುಕಣಗಳು ಹಳತಾಗಿ ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಅದನ್ನು ಹಿಡಿದು ಪಿತ್ತದ ಮೂಲಕ ಹೊರಗೆ ಹಾಕುವುದು ಯಕೃತ್ತಿನ ಕೆಲಸ. ಯಕೃತ್ತಿಗೆ ಪೆಟ್ಟಾದರೆ ಹಳದಿ ಮೈಯಲ್ಲಿ ಉಳಿಯುತ್ತದೆ, ಕಣ್ಣಿನಲ್ಲಿ ಕಾಣುತ್ತದೆ, ಮೂತ್ರದಲ್ಲಿ ಇಳಿಯುತ್ತದೆ. ಪೆಟ್ಟಿಗೆ ಕಾರಣ ಹಲವು: ನೀರಿನಿಂದ ಬರುವ ಎ ಮತ್ತು ಇ ವೈರಸ್ಸುಗಳು, ರಕ್ತದಿಂದ ಬರುವ ಬಿ ಮತ್ತು ಸಿ, ಸೆರೆ, ಪಿತ್ತಕೋಶದ ಹರಳು, ಕೆಲವು ಮಾತ್ರೆಗಳು, ಕೆಲವು ಬೇರುಗಳು. ಶಾಲೆಯ ವಯಸ್ಸಿನ ಮಕ್ಕಳಿಗೆ ಬರುವುದು ಬಹುಮಟ್ಟಿಗೆ ಎ. ಅದರ ವೈರಸ್ಸನ್ನು ಸೂಕ್ಷ್ಮದರ್ಶಕದಲ್ಲಿ ಮೊದಲು ಗುರುತಿಸಿದ್ದು 1973ರಲ್ಲಿ. ಅದಕ್ಕೆಂದೇ ಔಷಧವಿಲ್ಲ, ಸಾಮಾನ್ಯವಾಗಿ ಬೇಕಾಗುವುದೂ ಇಲ್ಲ. ಕೆಲವು ವಾರಗಳಲ್ಲಿ ಮೈ ತಾನೇ ಅದನ್ನು ಗೆಲ್ಲುತ್ತದೆ. ನನ್ನದೂ ಹೀಗೇ ಗುಣವಾಗಿದ್ದಿರಬೇಕು.

ಇಲ್ಲಿ ಹಿರಿಯರಿಗೆ ಗುರ್ಜಿಯ ನೆನಪು ಮಾಡಿಕೊಡುತ್ತೇನೆ. ಮಳೆ ತಡವಾದಾಗ ರೊಟ್ಟಿ ಹಂಚಿನ ಮೇಲೆ ಸಗಣಿಯ ಗುರ್ಜಿ ಮಾಡಿ, ಹುಡುಗನೊಬ್ಬನ ತಲೆಯ ಮೇಲೆ ಹೊರಿಸಿ, ಮನೆಮನೆಗೆ ಹೋಗಿ ನೀರು ಹಾಕಿಸಿಕೊಂಡು ಬರುತ್ತಿದ್ದೆವು. ನಾನೂ ಹೊತ್ತಿದ್ದೇನೆ. ವಾರದೊಳಗೆ ಮಳೆ ಬರುತ್ತಿತ್ತು. ಗುರ್ಜಿ ಆಡದ ಊರಿಗೂ ಅದೇ ದಿನ ಬಂದಿರುತ್ತಿತ್ತು, ಆದರೆ ಆ ಊರಿಗೆ ಹೋಗಿ ಯಾರೂ ಕೇಳಿ ಬರುತ್ತಿರಲಿಲ್ಲ. ಔಷಧದ ಪರೀಕ್ಷೆಯೆಂದರೆ, ಉಳಿದ ಸೂಕ್ಷ್ಮಗಳನ್ನೆಲ್ಲ ಬಿಟ್ಟು ಹೇಳುವುದಾದರೆ, ಗುರ್ಜಿ ಆಡದ ಊರಿಗೂ ಹೋಗಿ ಕೇಳಿ ಬರುವುದು. ಒಂದೇ ತೆರನ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡುತ್ತಾರೆ. ಒಂದಕ್ಕೆ ಔಷಧ, ಇನ್ನೊಂದಕ್ಕೆ ಹಾಗೆಯೇ ಕಾಣುವ ಸಪ್ಪೆ ಪುಡಿ. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಕೊನೆಗೆ ಎಣಿಸುತ್ತಾರೆ.

ನಮ್ಮ ಹೊಲದ ಬದುವಿನ ಒಂದು ಗಿಡ ಈ ಪರೀಕ್ಷೆಗೆ ಕುಳಿತದ್ದು ನಾನು ಬಿ.ಫಾರ್ಮ್ ಎರಡನೆಯ ವರ್ಷದಲ್ಲಿದ್ದಾಗ, 1988ರಲ್ಲಿ. ಗಿಡ ನೆಲನೆಲ್ಲಿ. ಗೇಣುದ್ದದ ಗಿಡ, ಎಲೆದಂಟಿನ ಕೆಳಗೆ ಸಾಲಾಗಿ ಸಾಸಿವೆಯಂಥ ಕಾಯಿ. ಮದ್ರಾಸಿನ ವಿಜ್ಞಾನಿ ತ್ಯಾಗರಾಜನ್ ಮತ್ತು ಸಂಗಡಿಗರು ಅದನ್ನು ಒಣಗಿಸಿ ಪುಡಿ ಮಾಡಿ, ಹೆಪಟೈಟಿಸ್ ಬಿ ವೈರಸ್ಸನ್ನು ಮೈಯಲ್ಲಿ ಹೊತ್ತು ತಿರುಗುತ್ತಿದ್ದವರಿಗೆ ಒಂದು ತಿಂಗಳು ಕೊಟ್ಟರು. ಔಷಧ ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಸಪ್ಪೆ ಪುಡಿಯ 23 ಜನರಲ್ಲಿ ಒಬ್ಬರಿಗೆ ಮಾತ್ರ. ಬಿ ವೈರಸ್ಸನ್ನು ಕಂಡುಹಿಡಿದು ನೊಬೆಲ್ ಪಡೆದ ಬ್ಲಂಬರ್ಗ್ ಆ ತಂಡದಲ್ಲಿದ್ದರು. ಬರಹ ಅಚ್ಚಾದದ್ದು ಲಂಡನ್ನಿನ ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ. ನಮ್ಮ ಅಧ್ಯಾಪಕರೊಬ್ಬರು ಅದನ್ನು ತರಗತಿಯಲ್ಲಿ ಓದಿ ಹೇಳಿದ ದಿನ ನಮಗೆ ನೆಲವೇ ಕಾಲಿಗೆ ಹತ್ತಲಿಲ್ಲ. ಅಜ್ಜಿಯರ ಎಲೆ ಲಂಡನ್ನಿಗೆ ಹೋಗಿತ್ತು!

ಈಗ ಹೇಳುವುದನ್ನು ಇಷ್ಟು ವರ್ಷ ನಾನು ಊರಿನಲ್ಲಿ ಬಾಯಿ ಬಿಟ್ಟು ಹೇಳಿಲ್ಲ.

ಮರುವರ್ಷ ಬೇಸಿಗೆ ರಜೆಗೆ ಬಂದಿದ್ದೆ. ಕೆರೆ ತಳ ಕಂಡಿತ್ತು. ಓಣಿಯಲ್ಲಿ ಏಳೆಂಟು ಜನಕ್ಕೆ ಕಾಮಣಿ. ಈ ಸಲ ಮಕ್ಕಳಿಗಿಂತ ದೊಡ್ಡವರಿಗೆ ಹೆಚ್ಚು. ಅದನ್ನು ನಾನು ಗಮನಿಸಬೇಕಿತ್ತು, ಗಮನಿಸಲಿಲ್ಲ. ನಮ್ಮ ಹಿಂದಿನ ಮನೆಯ ಸೊಸೆ, ನನಗಿಂತ ಒಂದು ವರ್ಷ ಹಿಂದೆ ಇದೇ ಶಾಲೆಯಲ್ಲಿ ಓದಿದವಳು, ಏಳು ತಿಂಗಳ ಬಸುರಿ. ಅವಳ ಕಣ್ಣು ಹಳದಿಯಾಯಿತು. ಅವಳ ಮಾವ ಕಟ್ಟೆಗೆ ಬಂದು ಕುಳಿತು ನನ್ನನ್ನೇ ಕೇಳಿದರು, ‘ತಮ್ಮಾ, ನೀ ಔಷಧದ್ದ ಓದಾಕ ಹತ್ತೀದಿ. ಹುಬ್ಬಳ್ಳಿಗೆ ಒಯ್ಯೂಣೋ, ಎಲಿ ಹಾಕ್ಸೂಣೋ?’

ನಾನು ಹೇಳಿದ್ದು ಇದು: ‘ನನಗೂ ಎಲಿಯಿಂದನ ಆರಾಮ ಆಗೇತಿ ಕಾಕಾ. ಈಗ ಲಂಡನ್ನಿನ ಪತ್ರಿಕೆಯೊಳಗೂ ಬಂದೇತಿ.’

ಒಂಬತ್ತು ದಿನ ಎಲೆ ಹಾಕಿಸಿದರು. ಹತ್ತನೆಯ ದಿನ ಅವಳು ಹಗಲೆಲ್ಲ ನಿದ್ದೆಗಣ್ಣಿನಲ್ಲಿ ಏನೇನೋ ಮಾತಾಡತೊಡಗಿದಳು. ಟ್ರ್ಯಾಕ್ಟರಿನಲ್ಲಿ ಹುಬ್ಬಳ್ಳಿಗೆ ಒಯ್ದರು. ಮೂರನೆಯ ದಿನ ತಾಯಿ, ಕೂಸು ಎರಡೂ ಇಲ್ಲ. ಆ ಮನೆಯವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅವರಿಗೆ ನನ್ನ ಮಾತು ನೆನಪಿತ್ತೋ ಇಲ್ಲವೋ, ನಾನು ಕೇಳುವ ಧೈರ್ಯ ಮಾಡಲಿಲ್ಲ.

ಅದು ಯಾವ ವೈರಸ್ಸೆಂದು ಆಗ ರಕ್ತ ನೋಡಿ ಹೇಳುವ ಪರೀಕ್ಷೆ ಇರಲಿಲ್ಲ. ಇಂದು ಲೆಕ್ಕ ಹಾಕಿದರೆ ಹೆಪಟೈಟಿಸ್ ಇ ಇದ್ದಿರಬೇಕು. ಆ ವೈರಸ್ಸಿನ ಒಳರಚನೆ ತಿಳಿದದ್ದು 1990ರಲ್ಲಿ. ಆದರೆ ರೋಗದ ನಡೆ ಗೊತ್ತಿತ್ತು. 1955-56ರಲ್ಲಿ ದಿಲ್ಲಿಯಲ್ಲಿ ಯಮುನೆಯ ನೀರೆತ್ತುವ ಜಾಗಕ್ಕೆ ಚರಂಡಿ ನುಗ್ಗಿ ಸುಮಾರು 29,000 ಜನಕ್ಕೆ ಕಾಮಾಲೆಯಾಗಿತ್ತು. 1978ರಲ್ಲಿ ಕಾಶ್ಮೀರದಲ್ಲಿ ಇನ್ನೊಂದು ದೊಡ್ಡ ಹಾವಳಿ. ಅಲ್ಲಿನ ವೈದ್ಯ ಖುರೂ ಅವರು ಹಳ್ಳಿಹಳ್ಳಿ ತಿರುಗಿ, ಇದು ಹೊಸ ವೈರಸ್ಸು, ಬಸುರಿಯರನ್ನು ಹುಡುಕಿ ಕೊಲ್ಲುತ್ತದೆ ಎಂದು ಬರೆದಿದ್ದರು. ಉಳಿದವರಿಗೆ ಈ ರೋಗ ಸಾಮಾನ್ಯವಾಗಿ ಬಂದು ಹೋಗುತ್ತದೆ. ಬಸುರಿನ ಕೊನೆಯ ಮೂರು ತಿಂಗಳಲ್ಲಿ ತಗುಲಿದರೆ ನೂರಕ್ಕೆ 20ರಿಂದ 25 ಜನ ಸಾಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮೊದಲ ದಿನವೇ ಒಯ್ದಿದ್ದರೆ ಅವಳು ಬದುಕುತ್ತಿದ್ದಳು ಎಂದು ನಾನು ಹೇಳಲಾರೆ. ಆ ವೈರಸ್ಸಿಗೆ ಬಸುರಿಯರಿಗೆ ಕೊಡುವಂಥ ಔಷಧ ಇಂದಿಗೂ ಇಲ್ಲ. ಆದರೆ ಸಕ್ಕರೆ ಅಂಶ ಇಳಿದದ್ದನ್ನು, ರಕ್ತ ಹೆಪ್ಪುಗಟ್ಟದೆ ಇರುವುದನ್ನು, ಮಿದುಳಿಗೆ ಬಾವು ಬರುವುದನ್ನು ಗಮನಿಸಿ ಹಿಡಿದು ನಿಲ್ಲಿಸುವ ಜನ, ಸಲಕರಣೆ ಆಸ್ಪತ್ರೆಯಲ್ಲಿ ಇರುತ್ತವೆ. ಆ ಒಂಬತ್ತು ದಿನ ಅವಳ ಬಳಿ ಇದ್ದದ್ದು ಎಲೆ ಮತ್ತು ನನ್ನ ಮಾತು.

ನನ್ನ ತಪ್ಪು ಎಲ್ಲಿತ್ತು? ಎಲೆಯನ್ನು ನಂಬಿದ್ದರಲ್ಲಿ ಅಷ್ಟಿರಲಿಲ್ಲ. ಬಿ ವೈರಸ್ಸಿನ ಪರೀಕ್ಷೆಯ ಫಲವನ್ನು ಎತ್ತಿ ಇ ವೈರಸ್ಸಿನ ರೋಗಿಯ ಮೇಲೆ ಇಟ್ಟೆ. ಬಸುರಿಯಲ್ಲದವರ ಲೆಕ್ಕವನ್ನು ಬಸುರಿಗೆ ಹಾಕಿದೆ. ಅದಕ್ಕಿಂತ ಮೊದಲು, ಪಕ್ಕದ ಊರಿನ ಹಿರಿಯರು ಕೊಡುತ್ತಿದ್ದ ಹಸಿರು ಮುದ್ದೆ ನೆಲನೆಲ್ಲಿಯೇ ಎಂದು ನನಗೆ ಗೊತ್ತೇ ಇರಲಿಲ್ಲ!

ಇನ್ನು ಆ ಪರೀಕ್ಷೆಯದೇ ಮುಂದೇನಾಯಿತು? ಎರಡೇ ವರ್ಷದಲ್ಲಿ, 1990ರಲ್ಲಿ, ಅದೇ ಲ್ಯಾನ್ಸೆಟ್ಟಿನಲ್ಲಿ ಥಾಯ್ಲೆಂಡಿನ ವೈದ್ಯರು ಬರೆದರು: ನಾವೂ ಕೊಟ್ಟು ನೋಡಿದೆವು, ವೈರಸ್ಸು ಹೋಗಲಿಲ್ಲ. ಬೇರೆ ಕಡೆಯಿಂದಲೂ ಅಂಥವೇ ವರದಿ ಬಂದವು. 2011ರಲ್ಲಿ ಪರೀಕ್ಷೆಗಳನ್ನೆಲ್ಲ ಒಟ್ಟು ಹಾಕಿ ತೂಗಿ ನೋಡಿದ ಕಾಕ್ರೇನ್ ಸಂಸ್ಥೆ, ಬಿ ವೈರಸ್ಸಿಗೆ ನೆಲನೆಲ್ಲಿ ಕೆಲಸ ಮಾಡುತ್ತದೆ ಎನ್ನಲು ನಂಬುವಂಥ ಆಧಾರವಿಲ್ಲ ಎಂದಿತು. ಮೊದಲ ವರದಿ ಓದಿದ ದಿನ ಕುಣಿದ ನಮ್ಮಲ್ಲಿ ಹೆಚ್ಚಿನವರು ಎರಡನೆಯದನ್ನು ಓದಲಿಲ್ಲ. ಪೇಟೆಯಲ್ಲಿ ಇಂದಿಗೂ ಮಾರಾಟವಾಗುವುದು ಮೊದಲ ವರದಿಯೇ.

ಒಂದು ಕಡೆ ಫಲ ಬಂದು ಇನ್ನೊಂದು ಕಡೆ ಬರದಿರಲು ಗಿಡವೇ ಬೇರೆಯಿತ್ತೇ ಎಂಬ ಅನುಮಾನವೂ ಇತ್ತು. ಇದು ತಮಾಷೆಯ ಪ್ರಶ್ನೆಯಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ದಕ್ಷಿಣ ಭಾರತದ 25 ಗ್ರಂಥಿಗೆ ಅಂಗಡಿಗಳಿಂದ ನೆಲನೆಲ್ಲಿ ಎಂದು ಮಾರುವ ಒಣಗಿಡ ತಂದು, ಡಿಎನ್‌ಎ ನೋಡಿ ಜಾತಿ ಗುರುತಿಸಿದರು. 2010ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ನೂರಕ್ಕೆ 76 ಅಂಗಡಿಗಳಲ್ಲಿ ಹೆಚ್ಚೂಕಡಿಮೆ ಸರಿಯಾದ ಗಿಡವೇ, ಫಿಲ್ಯಾಂಥಸ್ ಅಮಾರಸ್. ಉಳಿದ ಕಡೆ ಅದರ ದಾಯಾದಿಗಳು, ಐದು ಬೇರೆ ಜಾತಿ. ಎಲ್ಲಕ್ಕೂ ಹೆಸರು ಒಂದೇ. ಮಾರುವವರದು ಮೋಸವೆಂದು ಹೇಳಲಾಗದು. ಬದುವಿನಲ್ಲಿ ಕುಳಿತು ಕೀಳುವವರಿಗೆ ಅವೆಲ್ಲ ನೆಲನೆಲ್ಲಿಯೇ.

ಗಿಡದಲ್ಲಿ ಔಷಧವಿಲ್ಲ ಎಂದು ನಾನು ಹೇಳಿದೆನೆಂದು ಯಾರೂ ಮನೆಗೆ ಹೋಗಿ ಹೇಳಬೇಡಿ. ನಮ್ಮ ಪಶ್ಚಿಮ ಘಟ್ಟದ ಸರ್ಪಗಂಧಿಯ ಬೇರು ರಕ್ತದೊತ್ತಡ ಇಳಿಸುತ್ತದೆಂದು 1949ರಲ್ಲಿ ಮುಂಬೈಯ ವೈದ್ಯ ರುಸ್ತುಂ ಜಾಲ್ ವಕೀಲ್ ಇಂಗ್ಲೆಂಡಿನ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ಜಗತ್ತೇ ಅದನ್ನು ನುಂಗಿತು. ನುಂಗಿದವರಲ್ಲಿ ಕೆಲವರು ಮಂಕಾದರು, ಬದುಕು ಬೇಡವೆನ್ನತೊಡಗಿದರು. ಆಗ ಪ್ರಮಾಣ ಇಳಿಸಿದರು, ಮುಂದೆ ಬೇರೆ ಮಾತ್ರೆಗಳು ಬಂದವು. ಮೈಯಲ್ಲಿ ಕೆಲಸ ಮಾಡುವ ಗಿಡ ಕೇಡನ್ನೂ ಮಾಡಬಲ್ಲದು. ‘ಮಾಡಿದರ ಛಲೋ, ಮಾಡದಿದ್ದರ ಕೆಟ್ಟದ್ದಂತೂ ಇಲ್ಲ’ ಎನ್ನುವ ಮಾತು ನಮ್ಮ ಕಡೆ ಬಹಳ. ಅದನ್ನು ಕೇಳಿದಾಗಲೆಲ್ಲ ನನಗೆ ಇರುಸುಮುರುಸಾಗುತ್ತದೆ.

ಕೊರೊನಾ ಕಾಲ ಎಲ್ಲರಿಗೂ ನೆನಪಿದೆ. ಮನೆಮನೆಯಲ್ಲಿ ಅಮೃತಬಳ್ಳಿಯ ಕಷಾಯ. ಬೇವಿನ ಮರಕ್ಕೆ ಹಬ್ಬಿದ್ದಾದರೆ ಇನ್ನೂ ಶ್ರೇಷ್ಠ ಎಂದು ಬಳ್ಳಿಯನ್ನೇ ಬೋಳಿಸಿಬಿಟ್ಟರು. 2021ರಲ್ಲಿ ಮುಂಬೈಯ ಯಕೃತ್ತಿನ ತಜ್ಞರು ಆರು ರೋಗಿಗಳ ಬಗ್ಗೆ ಬರೆದರು: ಕಾಮಾಲೆ, ವೈರಸ್ಸು ಯಾವುದೂ ಇಲ್ಲ, ಎಲ್ಲರೂ ಅಮೃತಬಳ್ಳಿ ಕುಡಿದವರು. ಮರುವರ್ಷ ದೇಶದ 13 ಆಸ್ಪತ್ರೆಗಳು ಸೇರಿ 43 ರೋಗಿಗಳ ವಿವರ ಪ್ರಕಟಿಸಿದವು. ಕುಡಿಯಲು ಶುರುಮಾಡಿ ಸುಮಾರು ಒಂದೂವರೆ ತಿಂಗಳಿಗೆ ತೊಂದರೆ ಕಂಡಿತ್ತು. ಮೈಯ ರಕ್ಷಣಾಪಡೆ ತನ್ನ ಯಕೃತ್ತಿನ ಮೇಲೆಯೇ ತಿರುಗಿ ಬಿದ್ದ ಲಕ್ಷಣ ಅನೇಕರಲ್ಲಿತ್ತು. ಹೆಚ್ಚಿನವರು ಬಿಟ್ಟ ಮೇಲೆ ಸುಧಾರಿಸಿದರು, ಕೆಲವರು ಸುಧಾರಿಸಲಿಲ್ಲ. ಕೇಂದ್ರದ ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತ, ಅದರಂತೆಯೇ ಕಾಣುವ ಟಿನೋಸ್ಪೋರಾ ಕ್ರಿಸ್ಪಾ ಎಂಬ ಬಳ್ಳಿಯಿಂದ ಹಾಗಾಗಿರಬಹುದು ಎಂದಿತು.

ಕೋಟಿಗಟ್ಟಲೆ ಜನ ಕುಡಿದರು, ಕಾಯಿಲೆ ಬಿದ್ದವರು ಕೆಲವರೇ. ಅದು ನಿಜ. ಹಾಗಿದ್ದರೂ ಥೈರಾಯ್ಡಿನಂಥ ತೊಂದರೆ ಇರುವವರು, ಯಕೃತ್ತು ಮೊದಲೇ ಸೋತವರು, ದಿನಾ ಬೇರೆ ಮಾತ್ರೆ ನುಂಗುವವರು ಅದನ್ನು ತಿಂಗಳುಗಟ್ಟಲೆ ಕುಡಿಯುವುದು ಬೇಡ ಎಂದೇ ನನ್ನ ಅಭಿಪ್ರಾಯ. ಇಷ್ಟಪಡುವವರು ವೈದ್ಯರಿಗೆ ತಿಳಿಸಿಯಾದರೂ ಕುಡಿಯಿರಿ. ನಮ್ಮ ಜನ ಆಸ್ಪತ್ರೆಯಲ್ಲಿ ಮಾತ್ರೆಯ ಚೀಟಿ ತೋರಿಸುತ್ತಾರೆ, ಕಷಾಯವನ್ನು ಮುಚ್ಚಿಡುತ್ತಾರೆ. ಬಯ್ಯಿಸಿಕೊಳ್ಳುವ ಅಂಜಿಕೆ. ಬಯ್ಯುವ ವೈದ್ಯರೂ ಇದ್ದಾರೆ, ಅವರದೂ ತಪ್ಪು. ಪೇಟೆಯ ಮಾತ್ರೆಗಳೇನು ಕಡಿಮೆಯಿಲ್ಲ. ಕ್ಷಯಕ್ಕೆ ಕೊಡುವ ಮಾತ್ರೆಗಳು ಯಕೃತ್ತಿಗೆ ಪೆಟ್ಟು ಮಾಡಬಲ್ಲವು. ಆದರೆ ಅದು ಗೊತ್ತಿದೆ, ಬರೆದಿಟ್ಟಿದೆ, ಕಣ್ಣು ಹಳದಿಯಾದರೆ ತಕ್ಷಣ ಬನ್ನಿ ಎಂದು ಹೇಳಿಯೇ ಕೊಡುತ್ತಾರೆ. ಕಷಾಯಕ್ಕೆ ಅಂಥ ಚೀಟಿಯನ್ನು ಯಾರೂ ಅಂಟಿಸಿಲ್ಲ.

ಇಷ್ಟು ಹೊತ್ತು ಎಲೆಯ ಮಾತಾಯಿತು. ನನ್ನ ಕಾಮಣಿಯೂ ಹಿಂದಿನ ಮನೆಯ ಸೊಸೆಯ ಕಾಮಣಿಯೂ ಬಂದದ್ದು ಎಲ್ಲಿಂದ? ನೀರಿನಿಂದ. ಎ ಮತ್ತು ಇ ವೈರಸ್ಸುಗಳು ರೋಗಿಯ ಮಲದಲ್ಲಿ ಇಳಿದು ಇನ್ನೊಬ್ಬರ ತಂಬಿಗೆಗೆ ಬರುತ್ತವೆ. ಟೈಫಾಯ್ಡಿನ ದಾರಿಯೂ ಅದೇ. ಈ ದಾರಿಯ ಬಗ್ಗೆ ಜಗತ್ತು ಓದುವ ಒಂದು ಅಧ್ಯಯನ ನಮ್ಮ ಹುಬ್ಬಳ್ಳಿ-ಧಾರವಾಡದ ನಳಗಳ ಮುಂದೆಯೇ ನಡೆದಿದೆ. ಇಲ್ಲಿಯವರಿಗೇ ಅದು ಅಷ್ಟಾಗಿ ಗೊತ್ತಿಲ್ಲ.

ಅವಳಿ ನಗರಕ್ಕೆ ನೀರು ಬರುವುದು ಸವದತ್ತಿ ಹತ್ತಿರದ ಮಲಪ್ರಭೆಯ ಜಲಾಶಯದಿಂದ ಮತ್ತು ನೀರಸಾಗರದಿಂದ. ನಳಕ್ಕೆ ಬರುವುದು ಕೆಲವು ದಿನಕ್ಕೊಮ್ಮೆ, ಕೆಲವು ತಾಸು. 2008ರ ಸುಮಾರಿಗೆ ಪ್ರಯೋಗವೆಂದು 8 ವಾರ್ಡುಗಳಿಗೆ ಹೊಸ ಕೊಳವೆ ಹಾಕಿ ಹಗಲಿರುಳು ನೀರು ಬಿಟ್ಟರು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರಿಗೆ ಇದು ಗುರ್ಜಿ ಆಡಿದ ಊರು, ಆಡದ ಊರು ಎರಡೂ ಅಕ್ಕಪಕ್ಕ ಸಿಕ್ಕಂತಾಯಿತು. ನಳದ ನೀರು ಹಿಡಿದು ನೋಡಿದರು. ದಿನ ಬಿಟ್ಟು ಬರುವ ನೀರಿನ ಮಾದರಿಗಳಲ್ಲಿ ಹೆಚ್ಚೂಕಡಿಮೆ ಮೂರರಲ್ಲಿ ಒಂದರಲ್ಲಿ ಮಲದ ಗುರುತಾದ ಈ-ಕೊಲೈ ಬ್ಯಾಕ್ಟೀರಿಯಾ. ಸದಾ ಬರುವ ನೀರಿನಲ್ಲಿ ನೂರಕ್ಕೆ ಒಂದೂ ಇಲ್ಲ. ಶುದ್ಧೀಕರಣ ಘಟಕದಿಂದ ಹೊರಡುವಾಗ ನೀರು ಚೆನ್ನಾಗಿಯೇ ಇರುತ್ತದೆ. ಆದರೆ ನೀರು ನಿಂತಾಗ ಕೊಳವೆಯಲ್ಲಿ ಒತ್ತಡ ಬೀಳುತ್ತದೆ, ಬಿರುಕಿದ್ದಲ್ಲಿ ಹೊರಗಿನ ಗಟಾರದ ನೀರು ಒಳಗೆ ಸೇರುತ್ತದೆ. ಮುಂದಿನ ಸರದಿಯಲ್ಲಿ ಮೊದಲು ನಮ್ಮ ಕೊಡಕ್ಕೆ ಬೀಳುವುದು ಅದು.

ಮುಂದೆ ಐದು ವರ್ಷದೊಳಗಿನ ಮಕ್ಕಳಿರುವ 3,922 ಮನೆಗಳಿಗೆ ಹೋಗಿ ಕಾಯಿಲೆ ಎಣಿಸಿದರು. ಆ ಬರಹ 2015ರಲ್ಲಿ ‘ಪ್ಲಾಸ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂತು. ನನಗೆ ಅದು ಇಷ್ಟವಾದದ್ದು ಅದರ ಪ್ರಾಮಾಣಿಕತೆಗೆ. ಸದಾ ನೀರು ಬರುವ ವಾರ್ಡುಗಳಲ್ಲಿ ಮಕ್ಕಳ ಭೇದಿ ಒಟ್ಟಾರೆ ಕಡಿಮೆಯಾಗಿರಲಿಲ್ಲ. ಭೇದಿಗೆ ದಾರಿ ನೂರು: ಕೈ, ನೊಣ, ಅಂಗಳ. ಅದನ್ನು ಅವರು ಮುಚ್ಚಿಡಲಿಲ್ಲ. ಆದರೆ ಬಡವರ ಮನೆಗಳಲ್ಲಿ ರಕ್ತಭೇದಿ ಕಡಿಮೆಯಿತ್ತು. ಟೈಫಾಯ್ಡ್ ಬಂತೆಂದು ಹೇಳಿದ ಮನೆಗಳು ನೂರಕ್ಕೆ 42ರಷ್ಟು ಕಡಿಮೆಯಿದ್ದವು. ಯಾವ ಎಲೆಗೂ ಯಾವ ಮಾತ್ರೆಗೂ ಒಂದು ಓಣಿಯಲ್ಲಿ ಇಷ್ಟು ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ. ಔಷಧ ಕಲಿಸುವವನು ಕೊಳವೆಯನ್ನು ಹೊಗಳುವುದು ವಿಚಿತ್ರವೆನಿಸಬಹುದು.

ನಮ್ಮೂರಿಗೆ ಇಂದು ಮನೆಮನೆಗೆ ನಳ ಬಂದಿದೆ, ದಿನ ಬಿಟ್ಟು ದಿನ. ನೀರು ಬಂದಾಗ ಮೊದಲ ಕೆಲವು ಕೊಡಗಳನ್ನು ಕುಡಿಯಲು ಹಿಡಿಯಬೇಡಿ, ದನಕ್ಕೆ, ಬಳಕೆಗೆ ಇಡಿ. ಕುಡಿಯುವುದನ್ನು ಕುದಿ ಬರುವವರೆಗೆ ಕಾಯಿಸಿ. ಸೋಸಿದರೆ, ಪಟಕ ತಿರುವಿದರೆ ವೈರಸ್ಸು ಸಾಯುವುದಿಲ್ಲ. ಗಟಾರದೊಳಗೆ ಹಾದುಹೋದ ನಳದ ಕೊಳವೆ ಈ ಊರಿನಲ್ಲಿ ಎಷ್ಟಿವೆ ಎಂದು ನಿನ್ನೆ ಸಂಜೆ ಎಂಟು, ಒಂಬತ್ತನೆಯ ತರಗತಿಯ ಮಕ್ಕಳೊಂದಿಗೆ ಎಣಿಸಿದೆ. ಮೂರು ಓಣಿಗಳಲ್ಲಿ ಹದಿನೇಳು. ಪಟ್ಟಿಯನ್ನು ಪಂಚಾಯಿತಿಯ ಅಧ್ಯಕ್ಷರಿಗೆ ಈ ವೇದಿಕೆಯಲ್ಲೇ ಕೊಡುತ್ತೇನೆ. ಅವರು ನಗುತ್ತಿದ್ದಾರೆ, ನಾನು ತಮಾಷೆ ಮಾಡುತ್ತಿಲ್ಲ.

ಕಣ್ಣು ಹಳದಿಯಾದ ಬಸುರಿಯನ್ನು ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಯಾರೇ ಆಗಲಿ, ಕಾಮಣಿಯ ಜೊತೆಗೆ ಮಂಪರು, ತೊದಲು ಮಾತು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ನಾಳೆ ಎನ್ನಬೇಡಿ. ಎರಡು ವಾರವಾದರೂ ಹಳದಿ ಏರುತ್ತಲೇ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಎಲೆ ಹಾಕಿಸಿದ್ದರೆ ಅದನ್ನು ವೈದ್ಯರಿಗೆ ಹೇಳಿ, ಸಾಧ್ಯವಾದರೆ ಎಲೆಯನ್ನೇ ಒಯ್ದು ತೋರಿಸಿ.

ಕಳೆದ ತಿಂಗಳು ಆ ಪಕ್ಕದ ಊರಿಗೆ ಹೋಗಿದ್ದೆ. ಎಲೆ ಕೊಡುತ್ತಿದ್ದ ಹಿರಿಯರು ತೀರಿಕೊಂಡು ಬಹಳ ವರ್ಷವಾಯಿತು. ಮೊಮ್ಮಗ ಒಕ್ಕಲುತನ ಮಾಡುತ್ತಾನೆ, ನಮ್ಮ ಶಾಲೆಯವನೇ, ಇಲ್ಲಿಯೇ ಎಲ್ಲೋ ಕುಳಿತಿರಬೇಕು. ಅಜ್ಜ ಎಲೆಯ ಹೆಸರು ಮನೆಯಲ್ಲಿ ಯಾರಿಗೂ ಹೇಳಲಿಲ್ಲವಂತೆ. ಹಳ್ಳದ ಕಡೆಯ ಬದುವಿನಿಂದ ನಸುಕಿನಲ್ಲಿ ಕಿತ್ತು ತರುತ್ತಿದ್ದರು ಎನ್ನುವುದಷ್ಟೇ ಅವನಿಗೆ ನೆನಪು. ಇಬ್ಬರೂ ಹೋಗಿ ನೋಡಿದೆವು. ಅಲ್ಲಿ ನೆಲನೆಲ್ಲಿ ಎನ್ನಬಹುದಾದ ಗಿಡ ಮೂರು ತರದ್ದು ಬೆಳೆದಿತ್ತು. ಒಂದರ ಕಾಯಿ ನುಣುಪು, ಇನ್ನೊಂದರದು ಮುಟ್ಟಿದರೆ ಒರಟು, ಮೂರನೆಯದರ ಎಲೆ ಬೇರೆ ಆಕಾರದ್ದು. ಮೂರನ್ನೂ ಬೇರು ಸಮೇತ ತಂದು, ಕಾಗದದ ನಡುವೆ ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿದ್ದೇನೆ. ಹಾಳೆಗಳು ವಿಜ್ಞಾನದ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲಿವೆ. ಹೆಸರು ಬರೆಯುವ ಜಾಗವನ್ನು ಖಾಲಿ ಬಿಟ್ಟಿದ್ದೇನೆ, ಹತ್ತನೆಯ ತರಗತಿಯವರು ಪುಸ್ತಕ ನೋಡಿ ತುಂಬಲಿ. ಊಟಕ್ಕೆ ಹೋಗುವಾಗ ದಾರಿಯಲ್ಲೇ ಸಿಗುತ್ತದೆ, ನೋಡಿ ಹೋಗಿ.